ಕೋರಂ ಆಗ್ಲಿಲ್ಲ ಅಂದ್ರೆ ಮೀಟಿಂಗ್ ಮುಂದೂಡೋಕೆ ಅಧಿಕಾರ ಇರುತ್ತಾ?

ಓದುಗರ ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಜಿಬಿಎಂಗೆ (ಎಲ್ಲಾ ಸದಸ್ಯರ ಸಾಮಾನ್ಯ ಸಭೆಗೆ) ಈ ಸಲ ಕೋರಂ, ಅಂದ್ರೆ ಸಭೆ ನಡೆಸೋಕೆ ಕನಿಷ್ಠ ಬೇಕಾದಷ್ಟು ಜನ, ಆಗ್ಲಿಲ್ಲ. ಕೋರಂ ಇಲ್ಲ ಅಂದ್ಮೇಲೆ ಅದು ಮೀಟಿಂಗೇ ಅಲ್ಲ, ಮುಂದೂಡೋ ಅಧಿಕಾರನೂ ನಮಗಿಲ್ಲ ಅಂತ ಒಬ್ರು ಹೇಳಿದ್ರು. ಇನ್ನೊಬ್ರು, ಅರ್ಧ ಗಂಟೆ ಬಿಟ್ಟು ಇರೋರನ್ನೇ ಇಟ್ಕೊಂಡು ಶುರು ಮಾಡಿ, ಎಲ್ಲಾ ಕಡೆ ಹಾಗೇ ಮಾಡ್ತಾರೆ ಅಂದ್ರು. ಯಾರು ಸರಿ?

ಇಬ್ಬರದ್ದೂ ಪೂರ್ತಿ ಸರಿಯಲ್ಲ. ಮುಂದೂಡೋ ಅಧಿಕಾರ ಖಂಡಿತ ಇದೆ. ಕೋರಂ ಇಲ್ಲದಿದ್ರೆ ಠರಾವು ಪಾಸ್ ಮಾಡೋಕೆ, ಲೆಕ್ಕ ಒಪ್ಪೋಕೆ, ಚುನಾವಣೆ ನಡೆಸೋಕೆ ಆಗಲ್ಲ, ಆದ್ರೆ ನೋಟಿಸ್ ಸರಿಯಾಗಿ ಹೋಗಿದೆ, ಹೇಳಿದ ಟೈಮಿಗೆ ಹೇಳಿದ ಜಾಗದಲ್ಲಿ ಜನ ಬಂದು ಕೂತಿದಾರೆ, ಹಾಗಾಗಿ ಬಂದಿರೋರು ನಾಲ್ಕೇ ಜನ ಆದ್ರೂ ಮುಂದಿನ ದಿನಾಂಕ ಗೊತ್ತು ಮಾಡಿ ಸಭೆ ಮುಂದೂಡಬಹುದು.

ಅಮೆರಿಕದ ಸಂಘಸಂಸ್ಥೆಗಳಲ್ಲಿ ತುಂಬಾ ಬಳಕೆಯಲ್ಲಿರೋ ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್ ಅಂತ ಒಂದು ನಿಯಮದ ಪುಸ್ತಕ ಇದೆ, 1876ರಲ್ಲಿ ಮೊದಲು ಬಂದಿದ್ದು. ಕೋರಂ ಇಲ್ಲದಾಗ ಮಾಡಬಹುದಾದ ಕೆಲಸ ಯಾವ್ದು ಅಂತ ಅದು ಸ್ಪಷ್ಟವಾಗಿ ಹೇಳುತ್ತೆ: ಮುಂದುವರಿದ ಸಭೆಗೆ ದಿನ, ಟೈಮ್ ಗೊತ್ತು ಮಾಡೋದು, ಸಭೆ ಮುಗಿಸೋದು, ಸ್ವಲ್ಪ ಹೊತ್ತು ಬಿಡುವು ಕೊಡೋದು, ಇಲ್ಲಾ ಫೋನ್ ಮಾಡಿಯೋ ಮನೆ ಬಾಗಿಲು ತಟ್ಟಿಯೋ ಜನರನ್ನ ಕರೆಸೋದು. ಅಲ್ಲಿದ್ದೋರೆಲ್ಲ ಒಮ್ಮತದಿಂದ 'ಪರವಾಗಿಲ್ಲ ಬಿಡಿ, ನಡೆಸೋಣ' ಅಂದ್ರೂ ನಡೆಸೋ ಹಾಗಿಲ್ಲ, ಯಾಕಂದ್ರೆ ಕೋರಂ ಅನ್ನೋದು ಬರದೇ ಇರೋರ ರಕ್ಷಣೆಗೆ ಇರೋದು, ಅವರ ಹಕ್ಕನ್ನ ಬಂದೋರು ಬಿಟ್ಟುಕೊಡೋಕಾಗಲ್ಲ. ಅಲ್ಲಿನ ಕನ್ನಡ ಕೂಟಗಳಲ್ಲಿರೋರು ನಿಮ್ಮ ಬೈಲಾದಲ್ಲಿ (ಸಂಘದ ಸ್ವಂತ ನಿಯಮಾವಳಿಯಲ್ಲಿ) ಈ ಪುಸ್ತಕದ ಹೆಸರಿದ್ಯಾ ಒಂದ್ಸಲ ನೋಡ್ಕೊಳ್ಳಿ, ಇದ್ರೆ ಈ ನಿಯಮ ನಿಮಗೂ ಅನ್ವಯ ಆಗುತ್ತೆ.

ಅಮೆರಿಕದ ಸಂವಿಧಾನದಲ್ಲೂ ಇದೇ ಮಾತಿದೆ. ಸದನದ ಕೋರಂ ಅಂದ್ರೆ ಬಹುಮತ, ಅದಕ್ಕಿಂತ ಕಡಿಮೆ ಜನ ಇದ್ರೆ ಅವರು ದಿನದಿಂದ ದಿನಕ್ಕೆ ಸಭೆ ಮುಂದೂಡ್ತಾ ಹೋಗಬಹುದು ಅಂತ. 1789ರಲ್ಲಿ ಮೊದಲ ಕಾಂಗ್ರೆಸ್ ಮಾರ್ಚ್ 4ಕ್ಕೆ ನ್ಯೂಯಾರ್ಕ್‌ನಲ್ಲಿ ಸೇರಬೇಕಿತ್ತು, ಸಾಕಷ್ಟು ಸದಸ್ಯರು ಬಂದಿರಲಿಲ್ಲ. ಬಂದೋರು ಮುಂದೂಡ್ತಾ ಮುಂದೂಡ್ತಾ ಕೂತ್ರು, ಕೆಳಮನೆಗೆ ಕೋರಂ ಆಗಿದ್ದು ಏಪ್ರಿಲ್ 1ಕ್ಕೆ, ಸೆನೆಟ್‌ಗೆ ಏಪ್ರಿಲ್ 6ಕ್ಕೆ. ಅಲ್ಲಿ ತನಕ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷರಾಗಿ ಆಯ್ಕೆ ಆದ್ರು ಅಂತ ವೋಟು ಎಣಿಸಿ ಹೇಳೋಕೂ ಆಗಿರಲಿಲ್ಲ.

ಈಗ ಆ ಅರ್ಧ ಗಂಟೆ ವಿಷಯ. 'ಕೋರಂ ಇಲ್ಲದಿದ್ದಲ್ಲಿ ಅರ್ಧ ಗಂಟೆ ನಂತರ ಅದೇ ಸ್ಥಳದಲ್ಲಿ ಸಭೆ ನಡೆಸಲಾಗುವುದು, ಆಗ ಕೋರಂ ಅಗತ್ಯವಿರುವುದಿಲ್ಲ' ಅನ್ನೋ ಸಾಲು ನೋಟಿಸ್ ಕೆಳಗೆ ನೀವೂ ಓದಿರ್ತೀರ. ಈ ಸಾಲಿಗೆ ಬೆಲೆ ಬರೋದು ಬೈಲಾದಲ್ಲಿ ಹಾಗೆ ಬರೆದಿದ್ರೆ ಮಾತ್ರ. ಬೈಲಾದಲ್ಲಿ ಇಲ್ಲದೇ ಸೆಕ್ರೆಟರಿ ನೋಟಿಸ್‌ನಲ್ಲಿ ಹಾಕಿಬಿಟ್ರೆ ಅದು ನಿಯಮ ಆಗಲ್ಲ, ನಾಳೆ ಯಾರಾದ್ರೂ ಪ್ರಶ್ನೆ ಮಾಡಿದ್ರೆ ಆ ದಿನ ಮಾಡಿದ ಎಲ್ಲಾ ಠರಾವೂ ಅಲ್ಲಾಡುತ್ತೆ, ಮೇಂಟೆನೆನ್ಸ್ ಜಾಸ್ತಿ ಮಾಡಿದ್ದೂ ಸೇರಿ.

ಈ ಅರ್ಧ ಗಂಟೆ ಲೆಕ್ಕ ಕಂಪನಿ ಕಾನೂನಲ್ಲೂ ಇದೆ, ಆದ್ರೆ ಅಲ್ಲಿ ಅದರ ಅರ್ಥ ಬೇರೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 103ರ ಪ್ರಕಾರ ಪಬ್ಲಿಕ್ ಕಂಪನಿಯಲ್ಲಿ ಸದಸ್ಯರು 1000ದ ಒಳಗಿದ್ರೆ 5 ಜನ, 5000ದ ತನಕ ಇದ್ರೆ 15, ಅದಕ್ಕೂ ಮೇಲಾದ್ರೆ 30 ಜನ ಖುದ್ದಾಗಿ ಬರಬೇಕು, ಪ್ರಾಕ್ಸಿ, ಅಂದ್ರೆ ತಮ್ಮ ಬದಲು ಕಳಿಸಿದೋರು, ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಕಾದ್ರೂ ಕೋರಂ ಆಗದಿದ್ರೆ ಸಭೆ ತಾನಾಗೇ ಮುಂದಿನ ವಾರ ಅದೇ ದಿನ, ಅದೇ ಟೈಮು, ಅದೇ ಜಾಗಕ್ಕೆ ಹೋಗುತ್ತೆ, ಇಲ್ಲಾ ಬೋರ್ಡ್ ಬೇರೆ ದಿನ ಇಟ್ಕೊಬಹುದು. ಆ ಮುಂದೂಡಿದ ಸಭೆಯಲ್ಲೂ ಅರ್ಧ ಗಂಟೆ ಕಾದು ಕೋರಂ ಆಗದಿದ್ರೆ ಮಾತ್ರ ಇದ್ದೋರೇ ಕೋರಂ. ಅಂದ್ರೆ ಬರದೇ ಇದ್ದೋರಿಗೆ ಇನ್ನೊಂದು ಅವಕಾಶ ಸಿಗ್ತು. ಸದಸ್ಯರೇ ಒತ್ತಾಯ ಮಾಡಿ ಕರೆದ ಸಭೆ ಆದ್ರೆ ಮುಂದೂಡೋದೇ ಇಲ್ಲ, ಅದು ರದ್ದು.

ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಂಪನಿ ಅಲ್ಲವಲ್ಲ, ನಮ್ಮಲ್ಲಿ ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯ್ದೆ ಇಲ್ಲಾ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಕೆಳಗೆ ಇರುತ್ತೆ, ಹಾಗಾಗಿ ಮೊದಲು ನೋಡಬೇಕಾಗಿದ್ದು ನಿಮ್ಮ ಬೈಲಾ. ಮುಂದೂಡಿದ ಸಭೆಗೆ ಕೋರಂ ಬೇಡ ಅಂತ ಅದರಲ್ಲಿ ಇಲ್ಲ ಅಂದ್ರೆ, ಬೇಕು ಅಂತಾನೇ ಇಟ್ಕೊಂಡು ನಡೀರಿ. ಇನ್ನೊಂದು, ಮುಂದೂಡಿದ ಸಭೆ ಅಂದ್ರೆ ಹಳೇ ಸಭೆಯ ಮುಂದುವರಿಕೆ, ಹೊಸ ವಿಷಯ ತರಬೇಡಿ, ಹಳೇ ಅಜೆಂಡಾನೇ ಮುಗಿಸಿ. ದಿನಾಂಕ ಬರದೇ ಇದ್ದೋರಿಗೂ ತಿಳಿಸಿ, ಬೈಲಾ ಕೇಳದಿದ್ರೂ ತಿಳಿಸಿ.

ಹಾಜರಿ ಪುಸ್ತಕಕ್ಕೆ ಸೈನ್ ಹಾಕಿ ಊಟಕ್ಕೆ ಎದ್ದು ಹೋಗೋದು ನಮ್ಮಲ್ಲಿ ಮಾಮೂಲಿ, ಆದ್ರೆ ಕೋರಂಗೆ ಎಣಿಸಬೇಕಾಗಿದ್ದು ಕೂತಿರೋ ತಲೆಗಳನ್ನ. ಕೋರಂ ಶುರುವಲ್ಲಿದ್ರೆ ಸಾಲಲ್ಲ, ವೋಟ್ ಹಾಕೋವಾಗಲೂ ಇರಬೇಕು. ನಮ್ಮ ಸಂವಿಧಾನದ 100ನೇ ವಿಧಿ ಪ್ರಕಾರ ಲೋಕಸಭೆಗೆ ಕೋರಂ ಹತ್ತನೇ ಒಂದು ಭಾಗ, ಅಂದ್ರೆ 543ಕ್ಕೆ 55. ಮಧ್ಯದಲ್ಲಿ ಕಡಿಮೆ ಆಯ್ತು ಅಂದ್ರೆ ಸದನ ಮುಂದೂಡೋದು ಇಲ್ಲಾ ಕೋರಂ ಆಗೋ ತನಕ ನಿಲ್ಲಿಸೋದು ಸ್ಪೀಕರ್ ಕರ್ತವ್ಯ, ಅದಕ್ಕೇ ಬೆಲ್ ಹೊಡೆಸೋದು. ವಿಧಾನಸಭೆಗೆ 189ನೇ ವಿಧಿ, 10 ಜನ ಇಲ್ಲಾ ಹತ್ತನೇ ಒಂದು ಭಾಗ, ಯಾವ್ದು ಜಾಸ್ತಿನೋ ಅದು, ಹಾಗಾಗಿ ಕರ್ನಾಟಕದ 224ಕ್ಕೆ 23, ಪರಿಷತ್ತಿನ 75ಕ್ಕೆ 10. ನಿಮ್ಮಲ್ಲೂ ಮಧ್ಯದಲ್ಲಿ ಜನ ಎದ್ದು ಹೋದ್ರೆ ಅಲ್ಲಿ ತನಕ ಆಗಿರೋ ಠರಾವು ಉಳಿಯುತ್ತೆ, ಮುಂದಿಂದು ನಿಲ್ಲಿಸಿ.

ಲಿಫ್ಟ್ ಕೆಟ್ಟಿದೆ, ಬೋರ್‌ವೆಲ್ ಮೋಟಾರ್ ಸುಟ್ಟಿದೆ, ಕಾಯೋಕಾಗಲ್ಲ ಅನ್ನೋ ಪರಿಸ್ಥಿತಿ ಇದ್ರೆ ಕಮಿಟಿ ತನ್ನ ಅಧಿಕಾರದಲ್ಲಿ ಎಷ್ಟು ಖರ್ಚು ಮಾಡಬಹುದೋ ಅಷ್ಟು ಮಾಡ್ಲಿ. ಅದಕ್ಕೂ ಮೀರಿದ್ರೆ ಮಾಡಿದೋರದ್ದೇ ಜವಾಬ್ದಾರಿ, ಕೋರಂ ಇರೋ ಮುಂದಿನ ಸಭೆ ಒಪ್ಪಿ ಠರಾವು ಮಾಡೋ ತನಕ. ನಡಾವಳಿ ಪುಸ್ತಕದಲ್ಲಿ ಸಭೆ ಕರೆದ ಟೈಮು, ಎಷ್ಟು ಹೊತ್ತು ಕಾದ್ರಿ, ಎಷ್ಟು ಜನ ಇದ್ರು, ಎಷ್ಟು ಬೇಕಿತ್ತು, ಯಾವ ದಿನಕ್ಕೆ ಮುಂದೂಡಿದ್ರಿ ಅಂತ ಅವತ್ತೇ ಬರೆದು ಅಧ್ಯಕ್ಷರ ಸೈನ್ ತಗೊಳ್ಳಿ.