ಮೈಸೂರಲ್ಲಿ ಸೈಕಲ್ಲೂ ಇದೆ, ಬಸ್ಸೂ ಇದೆ, ಮತ್ತೆ ಎಲ್ಲರೂ ಸ್ಕೂಟರ್ ಯಾಕೆ ಹತ್ತಿದರು?

ಮೈಸೂರು ಸೈಕಲ್ ತುಳಿಯಲು ಹೇಳಿ ಮಾಡಿಸಿದ ಊರು. ಬೆಟ್ಟ ಒಂದನ್ನು ಬಿಟ್ಟರೆ ಉಸಿರು ಕಟ್ಟಿಸುವ ಏರು ಎಲ್ಲೂ ಇಲ್ಲ. ರಸ್ತೆಗಳು ಅಗಲ, ಮರದ ನೆರಳಿದೆ, ಬಿಸಿಲು ಕಲಬುರಗಿ ಬಿಸಿಲಿನ ಹಾಗೆ ಸುಡುವುದಿಲ್ಲ. ದೇಶದ ಮೊದಲ ಸಾರ್ವಜನಿಕ ಬಾಡಿಗೆ ಸೈಕಲ್ ಯೋಜನೆ ಅಂತ ಹೆಸರಾದ ‘ಟ್ರಿಣ್ ಟ್ರಿಣ್’ ಶುರುವಾದದ್ದೂ ಇಲ್ಲೇ. ಇಷ್ಟೆಲ್ಲ ಇದ್ದೂ ಬೆಳಗ್ಗೆ ಒಂಬತ್ತೂವರೆಗೆ ರಾಮಸ್ವಾಮಿ ಸರ್ಕಲ್‌ನಲ್ಲಿ ಸಿಗ್ನಲ್ ಬಿದ್ದಾಗ ನೋಡಿ, ಮುಂದಿನ ಸಾಲಿನಲ್ಲಿ ಸ್ಕೂಟರ್, ಹಿಂದಿನ ಸಾಲಿನಲ್ಲಿ ಬೈಕು, ಅವುಗಳ ಸಂದಿಯಲ್ಲಿ ನುಸುಳುವ ಆಟೋ, ಎಲ್ಲದರ ಹಿಂದೆ ಬಾಗಿಲಲ್ಲಿ ಜನ ಜೋತಾಡುವ ಒಂದು ಸಿಟಿ ಬಸ್ಸು. ಸೈಕಲ್ ಕಂಡರೆ ಹೆಚ್ಚಿನ ಸಲ ಅದು ಹಾಲಿನವರದ್ದು, ಇಲ್ಲವೇ ಶಾಲೆಗೆ ಹೋಗುವ ಹುಡುಗರದ್ದು.

ಜನ ಸೋಮಾರಿಗಳಾದರು ಅನ್ನುವುದು ಸುಲಭದ ಮಾತು. ನನಗೆ ಅದು ಒಪ್ಪಿಗೆಯಿಲ್ಲ. ಊರು ಬೆಳೆದ ರೀತಿಯನ್ನು ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬಂದರೆ ಸ್ಕೂಟರ್ ಕೊಂಡವರು ಲೆಕ್ಕ ಹಾಕಿಯೇ ಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ.

ಕಥೆ ಶುರುವಾಗುವುದು ಪ್ಲೇಗಿನಿಂದ. 1898ರ ಹೊತ್ತಿಗೆ ಪ್ಲೇಗ್ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. ಕೋಟೆಯ ಸುತ್ತಲಿನ ಇಕ್ಕಟ್ಟಿನ ಕೇರಿಗಳಲ್ಲಿ ಜನ ಒತ್ತೊತ್ತಾಗಿ ಬದುಕಿದರೆ ರೋಗ ತಡೆಯುವುದು ಕಷ್ಟ ಅಂತ ಅರಮನೆಗೂ ಅಧಿಕಾರಿಗಳಿಗೂ ಅರ್ಥವಾಯಿತು. 1903ರಲ್ಲಿ ನಗರ ಸುಧಾರಣಾ ಮಂಡಳಿ, ಅಂದರೆ ಸಿಐಟಿಬಿ, ಹುಟ್ಟಿಕೊಂಡಿತು. ದೇಶದಲ್ಲೇ ಇಂಥ ಮೊದಲ ಕೆಲವು ಮಂಡಳಿಗಳಲ್ಲಿ ಇದೂ ಒಂದು. ಲಕ್ಷ್ಮೀಪುರಂ, ಚಾಮರಾಜಪುರಂ, ಒಂಟಿಕೊಪ್ಪಲಿನಂಥ ಹಳೇ ಬಡಾವಣೆಗಳಲ್ಲಿ ಇವತ್ತು ಓಡಾಡಿದರೂ ಆ ಕಾಲದ ಯೋಚನೆ ಕಾಣುತ್ತದೆ. ನೇರ ರಸ್ತೆ, ಎರಡೂ ಕಡೆ ಮನೆ, ಮನೆ ಹಿಂದೆ ಕಸ-ಕೊಳೆ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ನಾಲ್ಕು ಹೆಜ್ಜೆಗೊಂದು ಪಾರ್ಕು.

ಇಲ್ಲಿ ಗಮನಿಸಬೇಕಾದದ್ದು ದೂರ. ಈ ಬಡಾವಣೆಗಳಿಂದ ಅರಮನೆ, ದೇವರಾಜ ಮಾರ್ಕೆಟ್ಟು, ಮಹಾರಾಜ ಕಾಲೇಜು ಯಾವುದೂ ಮೂರು-ನಾಲ್ಕು ಕಿಲೋಮೀಟರ್ ಮೀರುವುದಿಲ್ಲ. ನಡೆದರೆ ಮುಕ್ಕಾಲು ಗಂಟೆ, ಸೈಕಲ್ಲಿನಲ್ಲಿ ಕಾಲು ಗಂಟೆ. ಹಾಗಾಗಿ ಮೈಸೂರು ಬಹಳ ವರ್ಷ ಸೈಕಲ್ಲಿನ ಊರಾಗಿಯೇ ಇತ್ತು. ರೈಲ್ವೆ ವರ್ಕ್‌ಶಾಪು, ರೇಷ್ಮೆ ಕಾರ್ಖಾನೆ, ಕೆ.ಆರ್. ಮಿಲ್ಲು ಹೀಗೆ ಎಲ್ಲಿ ಸೈರನ್ ಕೂಗಿದರೂ ಗೇಟಿನಿಂದ ಹೊರಬರುತ್ತಿದ್ದದ್ದು ಸೈಕಲ್ಲುಗಳ ಹಿಂಡು. ಬೀದಿಗೊಂದು ಬಾಡಿಗೆ ಸೈಕಲ್ ಅಂಗಡಿ, ಗಂಟೆ ಲೆಕ್ಕದಲ್ಲಿ ಬಾಡಿಗೆ. ಸೈಕಲ್ಲಿಗೆ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿಕೊಳ್ಳಬೇಕಿತ್ತು. ರಾತ್ರಿ ದೀಪ ಇಲ್ಲದೆ ಸಿಕ್ಕಿಬಿದ್ದರೆ ಪೊಲೀಸರು ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರು ಅಂತ ಹಿರಿಯರು ಈಗಲೂ ನಗುತ್ತಾ ಹೇಳುತ್ತಾರೆ. ಸೈಕಲ್ಲಿಗೂ ಕಾನೂನು ಇತ್ತು ಅಂದರೆ, ಸರ್ಕಾರ ಅದನ್ನು ವಾಹನ ಅಂತ ಲೆಕ್ಕಕ್ಕೆ ಇಟ್ಟಿತ್ತು ಅಂತಲೂ ಆಯಿತಲ್ವಾ?

ಇನ್ನು ಬಸ್ಸು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರಲ್ಲಿ 120 ಬಸ್ಸುಗಳಿಂದ ಶುರುವಾಯಿತು, 1961ರಲ್ಲಿ ಅದು ನಿಗಮವಾಯಿತು. ಸಿಟಿ ಬಸ್ಸುಗಳ ದಾರಿ ಮಾತ್ರ ಹಳೇ ಊರಿನ ಲೆಕ್ಕದಲ್ಲೇ ಉಳಿಯಿತು. ಎಲ್ಲ ದಾರಿಯೂ ಅರಮನೆ ಪಕ್ಕದ ನಗರ ಬಸ್ ನಿಲ್ದಾಣಕ್ಕೇ ಬಂದು ಸೇರಬೇಕು.

ತಮಾಷೆ ಅಂದರೆ, 1961ರಲ್ಲೇ ಇನ್ನೊಂದು ಘಟನೆಯೂ ನಡೆಯಿತು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬೈಕು ತಯಾರಿಸಲು ಆರಂಭಿಸಿತು. ಜಾವಾ, ಆಮೇಲೆ ಯೆಜ್ಡಿ. ಆ ‘ಡಗ ಡಗ’ ಸದ್ದು ಕೇಳಿದರೆ ಇವತ್ತಿಗೂ ಐವತ್ತು ದಾಟಿದ ಮೈಸೂರಿಗರು ತಿರುಗಿ ನೋಡುತ್ತಾರೆ. ಮನೆಮಂದಿಯೇ ಮಾಡಿದ ಬೈಕು ಅನ್ನುವ ಅಭಿಮಾನ ಅದು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಇತ್ತ ನಂಜನಗೂಡು ರಸ್ತೆಯಲ್ಲಿ ಟಿವಿಎಸ್ ಬಂತು. ಬೈಕು, ಸ್ಕೂಟರು ಈ ಊರಿಗೆ ಹೊರಗಿನಿಂದ ಬಂದ ಚಟವೇನೂ ಅಲ್ಲ. ಇಲ್ಲಿನ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ.

ಆದರೆ ಬೈಕು ಕೈಗೆ ಸಿಕ್ಕಿತು ಅಂತಲೇ ಸೈಕಲ್ ಹೋಗಲಿಲ್ಲ. ಸೈಕಲ್ಲನ್ನು ಬೀದಿಯಿಂದ ಅಟ್ಟಿದ್ದು ಲೇಔಟುಗಳು. ಸಿಐಟಿಬಿ ಹೋಗಿ 1988ರಲ್ಲಿ ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಬಂತು. ಸೈಟು ಹಂಚುವುದೇ ದೊಡ್ಡ ಕೆಲಸವಾಯಿತು. ಕುವೆಂಪುನಗರ, ರಾಮಕೃಷ್ಣನಗರ, ವಿಜಯನಗರ ಒಂದನೇ ಹಂತ, ಎರಡನೇ ಹಂತ, ಮೂರು, ನಾಲ್ಕು. ಜತೆಗೆ ಗೃಹ ನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳು, ಅದರಾಚೆ ಖಾಸಗಿಯವರದ್ದು, ಅದಕ್ಕೂ ಆಚೆ ರೆವಿನ್ಯೂ ಸೈಟು. ವಿಜಯನಗರ ನಾಲ್ಕನೇ ಹಂತದಲ್ಲಿ ಮನೆ ಕಟ್ಟಿದವರಿಗೆ ಊರ ನಡುವಿನ ಕೆಲಸಕ್ಕೆ ಏಳೆಂಟು ಕಿಲೋಮೀಟರ್. ಹೋಗಿ ಬಂದರೆ ಹದಿನೈದು. ಮಧ್ಯೆ ಮಗಳನ್ನು ಟ್ಯೂಷನ್‌ಗೆ ಬಿಡಬೇಕು, ತರಕಾರಿ ತರಬೇಕು. ಮನೆ ಪಕ್ಕ ಸೈಟು ಖಾಲಿ ಬಿದ್ದಿದೆ, ಅದರ ಪಕ್ಕವೂ ಖಾಲಿ, ಯಾಕಂದರೆ ಕೊಂಡವರು ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದು ಬೆಲೆ ಏರಲಿ ಅಂತ ಕಾಯುತ್ತಿದ್ದಾರೆ. ಅರ್ಧ ಖಾಲಿ ಬಡಾವಣೆಗೆ ಹತ್ತು ನಿಮಿಷಕ್ಕೊಂದು ಬಸ್ಸು ಬಿಡಿ ಅಂದರೆ ಯಾವ ಡಿಪೋ ಮ್ಯಾನೇಜರ್ ತಾನೇ ಬಿಡುತ್ತಾರೆ? ಬಸ್ಸು ಮುಕ್ಕಾಲು ಗಂಟೆಗೊಂದು ಬರುತ್ತದೆ. ಮನೆಯವರು ಸ್ಕೂಟರ್ ಬುಕ್ ಮಾಡುತ್ತಾರೆ. ಆಮೇಲೆ ಬಸ್ಸಿಗೆ ಜನ ಇನ್ನೂ ಕಡಿಮೆ.

ಇದರ ಮೇಲೆ ಹೊರವರ್ತುಲ ರಸ್ತೆ ಬಂತು, ಸುಮಾರು 42 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ಆದರೆ ರಿಂಗ್ ರೋಡ್ ಬಂದ ಮೇಲೆ ಅದರಾಚೆಯ ಹೊಲಗಳೂ ‘ರಿಂಗ್ ರೋಡಿಗೆ ಎರಡೇ ನಿಮಿಷ’ ಅನ್ನುವ ಬೋರ್ಡು ಹೊತ್ತು ಸೈಟುಗಳಾದವು. ಎರಡು ನಿಮಿಷ ಯಾವುದರಲ್ಲಿ ಅಂತ ಬೋರ್ಡಿನಲ್ಲಿ ಬರೆದಿರುವುದಿಲ್ಲ. ಈಗ ಅದಕ್ಕೂ ಹೊರಗೆ ಇನ್ನೊಂದು ಪೆರಿಫೆರಲ್ ರಿಂಗ್ ರೋಡ್ ಮಾಡುವ ಮಾತು ನಡೆದಿದೆ.

2005ರ ಕೊನೆಗೆ ಕೇಂದ್ರ ಸರ್ಕಾರ ನಗರಗಳ ನವೀಕರಣಕ್ಕೆ ಜೆನರ್ಮ್ ಯೋಜನೆ ತಂದಾಗ ಮೈಸೂರಿಗೂ ಪಾಲು ಸಿಕ್ಕಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆ ಇರುವುದು ಜನ ಸಾಗಲಿಕ್ಕೆ, ವಾಹನಗಳಿಗಾಗಿ ಅಲ್ಲ ಅಂತ ಸ್ಪಷ್ಟವಾಗಿ ಹೇಳಿತು. ಕಾಗದದ ಮೇಲೆ ಬಹಳ ಒಳ್ಳೆಯ ಮಾತು. ಹೊಸ ಬಸ್ಸುಗಳು ಬಂದವು, ನಗರ ಬಸ್ ನಿಲ್ದಾಣ ಹೊಸದಾಯಿತು, ಸಾತಗಳ್ಳಿ ಮತ್ತು ಕುವೆಂಪುನಗರದಲ್ಲೂ ಬಸ್ ಟರ್ಮಿನಲ್ ಎದ್ದವು. 2012ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದರಲ್ಲಿ ಸುಮಾರು 500 ಬಸ್ಸುಗಳಿಗೆ ಜಿಪಿಎಸ್ ಹಾಕಿ, ನೂರಕ್ಕೂ ಹೆಚ್ಚು ಸ್ಟಾಪುಗಳಲ್ಲಿ ‘ಬಸ್ಸು ಇನ್ನು ಇಷ್ಟು ನಿಮಿಷಕ್ಕೆ ಬರುತ್ತದೆ’ ಅಂತ ತೋರಿಸುವ ಬೋರ್ಡು ಕೂರಿಸಿದರು. ಬೇರೆ ಊರುಗಳಿಂದ ಅಧಿಕಾರಿಗಳು ನೋಡಿಕೊಂಡು ಹೋಗಲು ಬರುತ್ತಿದ್ದರು. ನನ್ನ ದೃಷ್ಟಿಯಲ್ಲಿ ಇದು ನಿಜಕ್ಕೂ ಒಳ್ಳೆಯ ಕೆಲಸ. ಕಾಯುವವರಿಗೆ ಗೌರವ ಕೊಟ್ಟ ಕೆಲಸ. ಆದರೆ ಬಸ್ಸು ಮೂವತ್ತೈದು ನಿಮಿಷಕ್ಕೆ ಬರುತ್ತದೆ ಅಂತ ಬೋರ್ಡು ನಿಖರವಾಗಿ ಹೇಳಿದರೆ, ಮೂವತ್ತೈದು ನಿಮಿಷ ಕಮ್ಮಿಯೇನೂ ಆಗುವುದಿಲ್ಲ. ಮೇಲಾಗಿ, ಬೋರ್ಡು ಕೂರಿಸಲು ಯೋಜನೆಯ ದುಡ್ಡು ಬರುತ್ತದೆ, ಐದು ವರ್ಷದ ನಂತರ ಅದರ ರಿಪೇರಿಗೆ ಯಾವ ಯೋಜನೆಯೂ ಬರುವುದಿಲ್ಲ.

ಆಮೇಲೆ ಬಂದದ್ದು ಟ್ರಿಣ್ ಟ್ರಿಣ್. 2017ರ ಜೂನ್ 4ರಂದು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 450 ಸೈಕಲ್, 48 ಡಾಕಿಂಗ್ ಸ್ಟೇಷನ್, ಒಟ್ಟು ಸುಮಾರು 20 ಕೋಟಿ ರೂಪಾಯಿ ವೆಚ್ಚ. ಕಾರ್ಡು ಮಾಡಿಸಿಕೊಂಡು ಸ್ಟ್ಯಾಂಡಿನ ಮುಂದೆ ಹಿಡಿದರೆ ಬೀಗ ಬಿಡುತ್ತಿತ್ತು. ಸೈಕಲ್ ಎಳೆದುಕೊಂಡು ಹೋಗಿ ಇನ್ನೊಂದು ಸ್ಟೇಷನ್‌ನಲ್ಲಿ ಚಕ್ರವನ್ನು ಗೂಡಿಗೆ ತಳ್ಳಿ ಸಿಕ್ಕಿಸಬೇಕಿತ್ತು. ಹಳೇ ಬಾಡಿಗೆ ಸೈಕಲ್ ಅಂಗಡಿಯೇ, ಅಂಗಡಿಯವರು ಮಾತ್ರ ಇರಲಿಲ್ಲ.

ತಾಪತ್ರಯ ಶುರುವಾದದ್ದು ಅಲ್ಲೇ. ಅಂಗಡಿಯವರಿದ್ದರೆ ಹತ್ತು ಸೈಕಲ್ ಒಟ್ಟಿಗೆ ಬಂದರೂ ಗೋಡೆಗೆ ಒರಗಿಸಿಡುತ್ತಿದ್ದರು. ಇಲ್ಲಿ ಗೂಡು ಭರ್ತಿಯಾಗಿದ್ದರೆ ನೀವು ಮುಂದಿನ ಸ್ಟೇಷನ್ ಹುಡುಕಿಕೊಂಡು ತುಳಿಯಬೇಕಿತ್ತು. ಬೆಳಗ್ಗೆ ಎಲ್ಲ ಸೈಕಲ್ ಒಂದೇ ದಿಕ್ಕಿಗೆ ಹೋಗುತ್ತಿದ್ದವು, ಒಂದು ಕಡೆ ಗೂಡೆಲ್ಲ ಖಾಲಿ, ಇನ್ನೊಂದು ಕಡೆ ತುಂಬಿ ತುಳುಕು. ಗಾಡಿಯಲ್ಲಿ ಹೇರಿಕೊಂಡು ಹೋಗಿ ಮತ್ತೆ ಹಂಚಬೇಕಿತ್ತು, ಅದಕ್ಕೆ ಡ್ರೈವರು, ಡೀಸೆಲ್ಲು, ಸಂಬಳ. ಬಳಸುವವರು ಕೊಡುವ ಪುಡಿಗಾಸಿನಲ್ಲಿ ಇದ್ಯಾವುದೂ ಹೊರಡುತ್ತಿರಲಿಲ್ಲ. ಜಾಹೀರಾತಿನಿಂದಲೋ ಸರ್ಕಾರದಿಂದಲೋ ಬರಬೇಕಿತ್ತು.

ಅದಕ್ಕಿಂತ ದೊಡ್ಡ ಕೊರತೆ ಬೇರೆಯೇ ಇತ್ತು. ಮೈಸೂರಿನ ನಂತರ ಅದೇ ಜೂನ್ ತಿಂಗಳ ಕೊನೆಗೆ ಭೋಪಾಲ್ ತನ್ನ ಬಾಡಿಗೆ ಸೈಕಲ್ ಶುರು ಮಾಡಿತು. ಅವರು ಸೈಕಲ್ಲಿನ ಜತೆಗೇ ಸುಮಾರು 12 ಕಿಲೋಮೀಟರ್ ಸೈಕಲ್ ಪಥವನ್ನೂ ಕಟ್ಟಿದರು. ಮೈಸೂರು ಸೈಕಲ್ ಕೊಟ್ಟಿತು, ತುಳಿಯಲು ಜಾಗ ಕೊಡಲಿಲ್ಲ. ಜಾಗ ಕೊಡಬೇಕು ಅಂದರೆ ಪಾರ್ಕಿಂಗ್ ಕಿತ್ತುಕೊಳ್ಳಬೇಕು. ದೇವರಾಜ ಅರಸು ರಸ್ತೆಯಲ್ಲಿ ಪಾರ್ಕಿಂಗ್‌ಗೆ ದುಡ್ಡು ವಸೂಲು ಮಾಡುವ ಮಾತು ಎದ್ದಾಗಲೆಲ್ಲ ವ್ಯಾಪಾರಿಗಳಿಂದ, ಜನರಿಂದ ವಿರೋಧ ಬಂದಿದೆ. ಹಾಗಿರುವಾಗ ಒಂದು ಸಾಲು ಪಾರ್ಕಿಂಗನ್ನೇ ತೆಗೆಯುತ್ತೇವೆ ಅಂತ ಹೇಳುವ ಧೈರ್ಯ ಯಾರಿಗಿದೆ? ಆದ್ದರಿಂದ ಟ್ರಿಣ್ ಟ್ರಿಣ್ ಜಾಸ್ತಿ ಹಿಡಿಸಿದ್ದು ಪ್ರವಾಸಿಗಳಿಗೆ, ವಿದ್ಯಾರ್ಥಿಗಳಿಗೆ, ಬೆಳಗಿನ ವ್ಯಾಯಾಮದವರಿಗೆ.

ಜಾಗ ಸಿಕ್ಕರೆ ಜನ ತುಳಿಯುತ್ತಾರೆ ಅನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ದೂರ ಹೋಗಬೇಕಿಲ್ಲ. ಹೆಬ್ಬಾಳದ ಇನ್ಫೋಸಿಸ್ ಕ್ಯಾಂಪಸ್ಸಿನೊಳಗೆ ತರಬೇತಿಗೆ ಬಂದ ಹುಡುಗ ಹುಡುಗಿಯರು ಸಲೀಸಾಗಿ ಸೈಕಲ್ಲಿನಲ್ಲಿ ಓಡಾಡುತ್ತಾರೆ. ಅದೇ ಮಕ್ಕಳು ಗೇಟಿನಿಂದ ಹೊರಗೆ ಕಾಲಿಟ್ಟರೆ ಕ್ಯಾಬ್ ಬುಕ್ ಮಾಡುತ್ತಾರೆ.

ಇನ್ನೊಂದು ಉದಾಹರಣೆ ಸರ್ಕಾರದ್ದೇ. 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ರಾಜ್ಯ ಸರ್ಕಾರ ಉಚಿತವಾಗಿ ಸೈಕಲ್ ಕೊಟ್ಟಿತು, ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಹಳ್ಳಿಗಳಲ್ಲಿ ಅದು ಎಷ್ಟೋ ಹುಡುಗಿಯರನ್ನು ಹೈಸ್ಕೂಲಿಗೆ ಮುಟ್ಟಿಸಿದೆ. ನಗರದಲ್ಲಿ ಅದೇ ಮಕ್ಕಳು ಪಿಯುಸಿಗೆ ಬರುತ್ತಲೇ ಮನೆಯವರು ‘ಆ ರೋಡಲ್ಲಿ ಸೈಕಲ್ ಬೇಡ’ ಅಂತಾರೆ. ಆ ಹೆದರಿಕೆಯನ್ನು ಸುಮ್ನೆ ಅಂತ ತಳ್ಳಿಹಾಕಲಾಗದು, ರಿಂಗ್ ರೋಡ್ ಜಂಕ್ಷನ್ ದಾಟಿ ನೋಡಿದವರಿಗೆ ಗೊತ್ತು.

ಬಸ್ಸಿಗೆ ಮತ್ತೆ ಜೀವ ಬಂದದ್ದು ಯಾರೂ ಸಾರಿಗೆ ಯೋಜನೆ ಅಂತ ಕರೆಯದ ಒಂದು ಯೋಜನೆಯಿಂದ. 2023ರ ಜೂನ್ 11ರಂದು ಶಕ್ತಿ ಜಾರಿಯಾಯಿತು, ಮಹಿಳೆಯರಿಗೆ ಬಸ್ಸು ಉಚಿತವಾಯಿತು. ಬೆಟ್ಟಕ್ಕೆ ಹೋಗುವ 201ರಲ್ಲಿ ಕಾಲಿಡಲು ಜಾಗವಿಲ್ಲ. ಬಸ್ಸು ತುಂಬಿತು ಅಂತ ಗೊಣಗುವವರಿದ್ದಾರೆ. ನಾನಂತೂ ಅದನ್ನು ಒಳ್ಳೆಯ ಸುದ್ದಿ ಅಂತಲೇ ತಿಳಿದಿದ್ದೇನೆ. ತುಂಬಿದ ಬಸ್ಸಿಗೆ ಪರಿಹಾರ ಇನ್ನೊಂದು ಬಸ್ಸು, ಅಷ್ಟೇ. ಖಾಲಿ ಬಸ್ಸಿಗೆ ಪರಿಹಾರ ಹುಡುಕುವುದು ಇದಕ್ಕಿಂತ ಎಷ್ಟೋ ಕಷ್ಟ.

ಆಡಳಿತವೂ ಹರಿದು ಹಂಚಿಹೋಗಿದೆ. ರಿಂಗ್ ರೋಡಿನ ಆಸುಪಾಸು ಬೆಳೆದ ಬಡಾವಣೆಗಳು ಬಹಳ ಕಾಲ ಪಾಲಿಕೆಗೂ ಸೇರದೆ, ಪಂಚಾಯಿತಿಗೂ ಭಾರವಾಗಿ ಉಳಿದವು. 2020ರಲ್ಲಿ ಹೂಟಗಳ್ಳಿ ನಗರಸಭೆಯಾಯಿತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳಾದವು. ಈಗ ಎಲ್ಲವನ್ನೂ ಸೇರಿಸಿ ಗ್ರೇಟರ್ ಮೈಸೂರು ಮಾಡುವ ಪ್ರಯತ್ನ ನಡೆದಿದೆ. ಒಂದೇ ಕಚೇರಿಯ ಕೆಳಗೆ ಬಂದರೆ ಫುಟ್‌ಪಾತು ಗಡಿ ದಾಟುತ್ತಲೇ ಮಾಯವಾಗುವುದಾದರೂ ತಪ್ಪಬಹುದು.

ಹತ್ತಿರದ ಪರೀಕ್ಷೆ ಒಂದಿದೆ. ಹೊರ ಊರಿನ ಬಸ್ಸುಗಳು ಬಂದು ಹೋಗುವ ಸಬರ್ಬನ್ ಬಸ್ ಸ್ಟ್ಯಾಂಡಿನ ಒತ್ತಡ ತಗ್ಗಿಸಲು ಬನ್ನಿಮಂಟಪದಲ್ಲಿ ಹೊಸ ನಿಲ್ದಾಣ ಮಾಡುವ ಪ್ರಸ್ತಾಪ ಇದೆ. ಬೆಂಗಳೂರಿನಿಂದ ಬಂದವರು ಅಲ್ಲೇ ಇಳಿದರೆ ಊರೊಳಗೆ ಬಸ್ಸುಗಳ ಗದ್ದಲ ಕಮ್ಮಿಯಾಗುತ್ತದೆ, ಸರಿ. ಆದರೆ ಇಳಿದವರು ಕುವೆಂಪುನಗರಕ್ಕೆ, ಜೆ.ಪಿ. ನಗರಕ್ಕೆ ಹೇಗೆ ಹೋಗಬೇಕು? ನಕ್ಷೆ ಮುಗಿಯುವ ಮೊದಲೇ ಸಿಟಿ ಬಸ್ಸು ನಿಲ್ಲಲು ಎಷ್ಟು ಜಾಗ, ಟ್ರಿಣ್ ಟ್ರಿಣ್‌ನಂಥ ಸೈಕಲ್ಲಿಗೆ ಎಷ್ಟು ಗೂಡು, ಅಲ್ಲಿಂದ ಸಯ್ಯಾಜಿರಾವ್ ರಸ್ತೆಯಲ್ಲಿ ಸೈಕಲ್ಲಿಗೆ ಎಷ್ಟು ಅಡಿ ಅಂತ ಯಾರಾದರೂ ಕೇಳಬೇಕು. ಕಟ್ಟಡ ಎದ್ದ ಮೇಲೆ ಕೇಳಿದರೆ ಅಲ್ಲಿ ಉಳಿದಿರುವುದು ಆಟೋ ಸ್ಟ್ಯಾಂಡಿನ ಜಾಗ ಮಾತ್ರ.