‘ರನ್’ ಎಂಬ ಒಂದು ಪದ: ಓಡುವುದಕ್ಕಿಂತ ಹರಿಯುವುದೇ ಹೆಚ್ಚು

ಇಂಗ್ಲಿಷ್ ಕಲಿಯಲು ತೊಡಗಿದವರಿಗೆ ಮೊದಮೊದಲು ಸಿಗುವ ಕ್ರಿಯಾಪದಗಳಲ್ಲಿ ‘ರನ್’ ಒಂದು. ‘ಓಡು’ ಎಂದು ಅದರ ಅರ್ಥವನ್ನು ಬರೆದುಕೊಂಡು ಮುಂದೆ ಹೋಗುತ್ತೇವೆ. ಕೆಲವು ವರ್ಷಗಳ ನಂತರ ‘ಶಿ ರನ್ಸ್ ಎ ಸ್ಕೂಲ್’ ಎಂಬ ವಾಕ್ಯ ಎದುರಾದಾಗ ಆಕೆ ಶಾಲೆಗೆ ಓಡುತ್ತಾಳೆ ಎಂದು ತಿಳಿದುಬಿಡುತ್ತೇವೆ. ನಾನಂತೂ ಹಾಗೆಯೇ ತಿಳಿದಿದ್ದೆ. ಆಕೆ ಶಾಲೆಯನ್ನು ನಡೆಸುತ್ತಾಳೆ ಎಂಬುದು ಆ ವಾಕ್ಯದ ಅರ್ಥವೆಂದು ತಿಳಿದ ಮೇಲೆ, ಟಿಪ್ಪಣಿ ಪುಸ್ತಕದಲ್ಲಿ ‘ಓಡು’ ಎಂಬುದರ ಕೆಳಗೆ ‘ನಡೆಸು’ ಎಂದು ಬರೆದೆ. ಆಮೇಲೆ ‘ಸೋರು’, ‘ಚಾಲ್ತಿಯಲ್ಲಿರು’, ‘ಪ್ರಕಟಿಸು’, ‘ಮುಗಿದುಹೋಗು’ ಎಂದು ಪಟ್ಟಿ ಉದ್ದವಾಗುತ್ತಾ ಹೋಯಿತೇ ಹೊರತು ಪದವು ಮಾತ್ರ ಕೈಗೆ ಸಿಗಲಿಲ್ಲ.

ಈ ಪಟ್ಟಿಗೆ ಕೊನೆಯಿಲ್ಲವೆಂಬುದಕ್ಕೆ ನಿಘಂಟೇ ಸಾಕ್ಷಿ. ‘ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ’ಯ 1989ರ ಎರಡನೆಯ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳ ಪದವೆಂಬ ಹೆಸರು ‘ಸೆಟ್’ ಎಂಬುದಕ್ಕಿತ್ತು. ಅದರ ಕ್ರಿಯಾಪದಕ್ಕೆ 430 ಅರ್ಥಗಳನ್ನು ಅಲ್ಲಿ ಕೊಡಲಾಗಿತ್ತು. ಮೂರನೆಯ ಆವೃತ್ತಿಗಾಗಿ ‘ರನ್’ ಪದವನ್ನು ಪರಿಷ್ಕರಿಸಿದಾಗ ಅದರ ಕ್ರಿಯಾಪದವೊಂದಕ್ಕೇ 645 ಅರ್ಥಗಳು ದೊರೆತವು. ಆ ಕೆಲಸಕ್ಕೆ ನಿಘಂಟುಕಾರ ಪೀಟರ್ ಗಿಲಿವರ್ ಅವರು ಸುಮಾರು ಒಂಬತ್ತು ತಿಂಗಳು ತೆಗೆದುಕೊಂಡರು. ಇಷ್ಟನ್ನು ಬಾಯಿಪಾಠ ಮಾಡುವುದು ಯಾರಿಂದಲೂ ಆಗದು, ಇಂಗ್ಲಿಷನ್ನೇ ಮಾತೃಭಾಷೆಯಾಗಿ ಪಡೆದವರೂ ಹಾಗೆ ಕಲಿತಿರುವುದಿಲ್ಲ. ಅವರ ಮನಸ್ಸಿನಲ್ಲಿ ಒಂದು ಮೂಲಚಿತ್ರವಿರುತ್ತದೆ, ಉಳಿದವೆಲ್ಲ ಅದರ ಕವಲುಗಳು. ಆ ಮೂಲಚಿತ್ರ ಕಾಲೆತ್ತಿ ಓಡುವ ಮನುಷ್ಯನದಲ್ಲ, ತಡೆಯಿಲ್ಲದೆ ಸಾಗುವ ಹರಿವಿನದು ಎಂಬುದು ಈ ಟಿಪ್ಪಣಿಯಲ್ಲಿ ನಾನು ಹೇಳಹೊರಟಿರುವ ಮಾತು. ಪುಸ್ತಕದಲ್ಲಿ ‘ಓಡು’ ಎಂಬುದರ ಪಕ್ಕದಲ್ಲಿ ‘ಹರಿ’ ಎಂದೂ ಬರೆದುಕೊಂಡಿದ್ದರೆ ನನ್ನ ಅರ್ಧದಷ್ಟು ತಪ್ಪುಗಳು ತಪ್ಪುತ್ತಿದ್ದವು.

ಪದದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ರಿನ್ನನ್’ ಎಂಬ ಒಂದು ಕ್ರಿಯಾಪದವಿತ್ತು. ಅದಕ್ಕೆ ಓಡು ಎಂಬ ಅರ್ಥದೊಂದಿಗೆ ಹರಿ ಎಂಬ ಅರ್ಥವೂ ಇತ್ತು. ಅದಕ್ಕೆ ಸಂಬಂಧಿಯಾದ ‘ಆ್ಯರ್ನನ್’ ಎಂಬ ಇನ್ನೊಂದು ಕ್ರಿಯಾಪದಕ್ಕೆ ಕುದುರೆ ಸವಾರಿ ಮಾಡು, ಅಂದರೆ ಓಡಿಸು ಎಂಬ ಅರ್ಥವಿತ್ತು. ಕಾಲಕ್ರಮೇಣ ಇವೆರಡೂ ಬೆರೆತು ಇಂದಿನ ಒಂದೇ ರೂಪವಾದವು. ಜರ್ಮನ್ ಭಾಷೆಯಲ್ಲಿ ಇವುಗಳ ದಾಯಾದಿಗಳು ಇಂದಿಗೂ ಬೇರೆಬೇರೆಯಾಗಿಯೇ ಇವೆ: ಅಲ್ಲಿ ‘ರಿನ್ನೆನ್’ ಎಂದರೆ ದ್ರವವು ಹರಿಯುವುದು, ‘ರೆನ್ನೆನ್’ ಎಂದರೆ ಓಡುವುದು. ಕನ್ನಡಿಗರಿಗೆ ಇದು ಹೊಸದೆನಿಸಬಾರದು, ಏಕೆಂದರೆ ಹಳಗನ್ನಡದ ‘ಪರಿ’ ಎಂಬ ಧಾತುವಿಗೂ ಓಡು ಮತ್ತು ಹರಿ ಎಂಬ ಎರಡೂ ಅರ್ಥಗಳಿದ್ದವು. ಪಾಲು ಹಾಲಾದಂತೆ ಪರಿಯೂ ಹರಿಯಾಯಿತು. ಓಡುವ ಅರ್ಥವನ್ನು ಬಹುಮಟ್ಟಿಗೆ ‘ಓಡು’ ಎಂಬ ಪದಕ್ಕೆ ಬಿಟ್ಟುಕೊಟ್ಟು, ನೀರಿನ ಅರ್ಥವನ್ನು ತನ್ನಲ್ಲೇ ಉಳಿಸಿಕೊಂಡಿತು. ಇಂಗ್ಲಿಷಿನಲ್ಲಿ ಅರ್ಥಗಳ ಈ ಹಂಚಿಕೆ ಆಗಲಿಲ್ಲ.

ಆದುದರಿಂದ ‘ದಿ ರಿವರ್ ರನ್ಸ್ ಈಸ್ಟ್’ ಎಂಬುದನ್ನು ಅಲಂಕಾರವೆಂದು ತಿಳಿಯಬೇಕಾಗಿಲ್ಲ. ನದಿ ಪೂರ್ವಕ್ಕೆ ಹರಿಯುತ್ತದೆ ಎಂಬುದು ಅಲ್ಲಿ ನೇರವಾದ, ಹಳೆಯ ಅರ್ಥ. ಮೂಗು ‘ರನ್’ ಆದರೆ ಸೋರುತ್ತಿದೆ ಎಂದರ್ಥ, ಬಟ್ಟೆ ಒಗೆಯುವಾಗ ಬಣ್ಣ ‘ರನ್’ ಆದರೆ ಬಣ್ಣ ಬಿಡುತ್ತಿದೆ ಎಂದರ್ಥ, ನಲ್ಲಿಯನ್ನು ‘ರನ್ನಿಂಗ್’ ಆಗಿ ಬಿಟ್ಟಿದ್ದಾರೆಂದರೆ ನೀರು ಸುರಿಯುತ್ತಲೇ ಇದೆ ಎಂದರ್ಥ. ಕನ್ನಡದಲ್ಲಿ ಪ್ರತಿಯೊಂದಕ್ಕೂ ಬೇರೆ ಕ್ರಿಯಾಪದ ಬೇಕಾಗುತ್ತದೆ. ಆದರೂ ಮೂರರಲ್ಲಿಯೂ ದ್ರವವೊಂದು ಸಾಗುತ್ತಿರುವ ಚಿತ್ರ ಒಂದೇ.

ಯಂತ್ರಗಳಿಗೆ ಸಂಬಂಧಿಸಿದ ಕವಲು ಇದರ ಮುಂದುವರಿಕೆ. ಗಡಿಯಾರ, ಹೊಲಿಗೆಯಂತ್ರ, ರೈಲು, ಕಾರ್ಖಾನೆ ಎಂದು ಯಂತ್ರಗಳು ಬದುಕನ್ನು ತುಂಬಿಕೊಂಡಂತೆಲ್ಲ, ಅವು ನಿಲ್ಲದೆ ಕೆಲಸ ಮಾಡುತ್ತಿರುವುದನ್ನು ಹೇಳಲು ಇಂಗ್ಲಿಷರಿಗೆ ಸಿದ್ಧವಾಗಿ ಸಿಕ್ಕಿದ ಪದ ಇದು. ಗಣಕಯಂತ್ರದಲ್ಲಿ ಪ್ರೋಗ್ರಾಂ ‘ರನ್’ ಆಗುವುದು ಅದೇ ಸಾಲಿನ ತೀರಾ ಈಚಿನ ಸದಸ್ಯ. ಕನ್ನಡದಲ್ಲಿ ಎಂಜಿನ್ ಚಾಲೂ ಇದೆ ಎನ್ನುತ್ತೇವೆ, ಗಡಿಯಾರ ನಡೆಯುತ್ತಿದೆ ಎನ್ನುತ್ತೇವೆ, ಬಸ್ಸು ಓಡುತ್ತಿದೆ ಎನ್ನುತ್ತೇವೆ. ‘ದಿ ಬಸ್ ರನ್ಸ್ ಎವ್ರಿ ಅವರ್’ ಎಂಬ ವಾಕ್ಯದಲ್ಲಿ ಬಸ್ಸಿನ ವೇಗದ ಸುದ್ದಿಯೇ ಇಲ್ಲವೆಂಬುದನ್ನು ಗಮನಿಸಬೇಕು. ಗಂಟೆಗೊಮ್ಮೆ ಬಸ್ಸಿದೆ ಎಂಬುದಷ್ಟೇ ಅದರ ಮಾತು. ನಾಟಕವು ಎರಡು ವರ್ಷ ‘ರ್ಯಾನ್’ ಎಂದರೂ ವೇಗವಿಲ್ಲ, ನಿಲ್ಲದೆ ಮುಂದುವರಿದ ಸಂಗತಿಯಿದೆ. ಕನ್ನಡದಲ್ಲಿಯೂ ಸಿನಿಮಾ ನೂರು ದಿನ ಓಡಿತು ಎನ್ನುತ್ತೇವೆಂಬುದು ಇಲ್ಲಿ ನಮಗೆ ಅನುಕೂಲ. ಕರಾರು ಮೂರು ವರ್ಷ ‘ರನ್ಸ್’ ಎಂಬಲ್ಲಿ ಮಾತ್ರ ಕನ್ನಡದ ‘ಓಡು’ ಜೊತೆಗೆ ಬರುವುದಿಲ್ಲ; ಕರಾರು ಮೂರು ವರ್ಷ ಜಾರಿಯಲ್ಲಿರುತ್ತದೆ ಎನ್ನಬೇಕು.

ಚಲನೆಯೇ ಇಲ್ಲದ ಕಡೆಯೂ ಈ ಪದ ಬರುತ್ತದೆಂಬುದು ಕಲಿಯುವವರಿಗೆ ವಿಚಿತ್ರವೆನಿಸಬಹುದು. ‘ದಿ ರೋಡ್ ರನ್ಸ್ ಅಲಾಂಗ್ ದಿ ಕೋಸ್ಟ್’ ಎಂಬಲ್ಲಿ ರಸ್ತೆ ಇದ್ದಲ್ಲೇ ಇರುತ್ತದೆ. ಸಾಗುವುದು ಅದನ್ನು ನೋಡುವವನ ಕಣ್ಣು. ಭಾಷಾವಿಜ್ಞಾನಿ ಲೆನರ್ಡ್ ಟಾಲ್ಮಿ ಇಂಥ ಪ್ರಯೋಗಗಳನ್ನು ‘ಫಿಕ್ಟಿವ್ ಮೋಷನ್’, ಅಂದರೆ ಕಲ್ಪಿತ ಚಲನೆ ಎಂಬ ಹೆಸರಿನಲ್ಲಿ ಚರ್ಚಿಸಿದ್ದಾರೆ. ನಾವೂ ರಸ್ತೆ ಊರಿಗೆ ಹೋಗುತ್ತದೆ, ಬೆಟ್ಟದ ಸಾಲು ಉತ್ತರಕ್ಕೆ ಸಾಗುತ್ತದೆ ಎಂದು ನಿತ್ಯವೂ ಹೇಳುತ್ತೇವೆ; ಆದರೆ ರಸ್ತೆ ಓಡುತ್ತದೆ ಎಂದರೆ ಅದು ಕವಿತೆಯಾದೀತು, ದಾರಿ ಹೇಳಿದಂತಾಗದು. ಹಾಗೆಯೇ ಒಂದು ಗುಣ ‘ರನ್ಸ್ ಇನ್ ದಿ ಫ್ಯಾಮಿಲಿ’ ಎಂದರೆ ವಂಶದಲ್ಲಿ ಹರಿದುಬಂದಿದೆ ಎಂದರ್ಥ. ಅಲ್ಲಿ ‘ಹರಿ’ ಎಂಬ ಕನ್ನಡ ಪದವೇ ತಾನಾಗಿ ಬಂದು ಕೂರುತ್ತದೆ.

ಇಷ್ಟು ಹೊತ್ತು ನೋಡಿದ್ದು ಕರ್ಮಪದವಿಲ್ಲದ ಪ್ರಯೋಗಗಳನ್ನು. ಕರ್ಮಪದ ಬಂದೊಡನೆ ಹಳೆಯ ‘ಆ್ಯರ್ನನ್’ ಎದ್ದು ಕುಳಿತಂತಾಗುತ್ತದೆ. ಕನ್ನಡದಲ್ಲಿ ಓಡು ಎಂಬುದು ಓಡಿಸು ಎಂದಾಗುತ್ತದೆ, ನಡೆ ಎಂಬುದು ನಡೆಸು ಎಂದಾಗುತ್ತದೆ, ಹರಿ ಎಂಬುದು ಹರಿಸು ಎಂದಾಗುತ್ತದೆ. ‘ಇಸು’ ಪ್ರತ್ಯಯವು ಕಿವಿಗೆ ಬಿದ್ದಾಗಲೇ ಯಾರೋ ಏನನ್ನೋ ಮಾಡಿಸುತ್ತಿದ್ದಾರೆಂದು ತಿಳಿಯುತ್ತದೆ. ಇಂಗ್ಲಿಷಿನ ‘ರನ್’ ಪದಕ್ಕೆ ಅಂಥ ಗುರುತೇ ಇಲ್ಲ. ಪದದ ರೂಪ ಕಿಂಚಿತ್ತೂ ಬದಲಾಗದೆ, ಅದರ ಹಿಂದೆಯೇ ಒಂದು ನಾಮಪದ ಬಂದು ನಿಂತರೆ ಸಾಕು, ‘ಇಸು’ ಸೇರಿದಂತೆಯೇ ಲೆಕ್ಕ. ನನ್ನ ಶಾಲೆಯ ವಾಕ್ಯದ ತಪ್ಪು ಇಲ್ಲಿಯೇ ಇತ್ತು: ‘ರನ್ಸ್ ಟು ಎ ಸ್ಕೂಲ್’ ಎಂದಿದ್ದರೆ ಶಾಲೆಗೆ ಓಡುವುದು, ‘ಟು’ ಇಲ್ಲದ ಕಾರಣ ಶಾಲೆಯನ್ನು ನಡೆಸುವುದು. ಪ್ರಯೋಗಾಲಯದಲ್ಲಿ ಪರೀಕ್ಷೆಯನ್ನು ‘ರನ್’ ಮಾಡಿದರೆ ನಡೆಸುವುದು, ಪತ್ರಿಕೆಯು ವರದಿಯನ್ನು ‘ರನ್’ ಮಾಡಿದರೆ ಪ್ರಕಟಿಸುವುದು, ಪುಟದ ಮೇಲೆ ಕಣ್ಣನ್ನು ‘ರನ್’ ಮಾಡಿದರೆ ದೃಷ್ಟಿ ಹರಿಸುವುದು. ಸ್ನೇಹಿತನನ್ನು ನಿಲ್ದಾಣಕ್ಕೆ ‘ರನ್’ ಮಾಡಿದೆ ಎಂದು ಯಾರಾದರೂ ಹೇಳಿದರೆ ಆ ಸ್ನೇಹಿತನನ್ನು ಓಡಿಸಿಕೊಂಡು ಹೋದರೆಂದು ಗಾಬರಿಯಾಗಬೇಡಿ. ತಮ್ಮ ವಾಹನದಲ್ಲಿ ಕೂರಿಸಿಕೊಂಡು ಬಿಟ್ಟುಬಂದರು, ಅಷ್ಟೇ. ‘ರನ್ ಎ ರಿಸ್ಕ್’ ಮತ್ತು ‘ರನ್ ಎ ಟೆಂಪರೇಚರ್’ ಎಂಬೆರಡನ್ನು ಮಾತ್ರ ಇಡಿಯಾಗಿಯೇ ಕಲಿಯುವುದು ಒಳ್ಳೆಯದು. ಮೊದಲನೆಯದು ಅಪಾಯಕ್ಕೆ ಒಡ್ಡಿಕೊಳ್ಳುವುದು, ಎರಡನೆಯದು ಜ್ವರ ಬಂದಿರುವುದು.

ಪದದ ಹಿಂದೆ ಗುಣವಾಚಕ ಬಂದರೆ ಅದು ‘ಆಗು’ ಎಂಬ ಅರ್ಥವನ್ನು ಪಡೆಯುತ್ತದೆ. ಬಾವಿ ‘ರ್ಯಾನ್ ಡ್ರೈ’ ಎಂದರೆ ಬತ್ತಿತು, ಸಂಗ್ರಹ ‘ರನ್ನಿಂಗ್ ಲೋ’ ಎಂದರೆ ಕಡಿಮೆಯಾಗುತ್ತಿದೆ. ಈ ಕವಲಿನ ಪ್ರಯೋಗಗಳು ಕೆಲವೇ ಕೆಲವು.

ಹೆಚ್ಚು ಶ್ರಮ ಕೇಳುವುದು ಹಿಂದೆ ಅಂಟಿಕೊಳ್ಳುವ ಚಿಕ್ಕ ಪದಗಳು. ‘ರನ್ ಔಟ್’ ಎಂಬುದನ್ನು ಕ್ರಿಕೆಟ್ಟಿನ ಮೂಲಕ ಬಲ್ಲೆವೆಂದುಕೊಳ್ಳುತ್ತೇವೆ. ಆಟದ ಹೊರಗೆ ಅದಕ್ಕೆ ಮುಗಿದುಹೋಗು ಎಂಬ ಅರ್ಥವೇ ಬಲು ಬಳಕೆಯದು. ಇಲ್ಲಿ ಕರ್ತೃಪದವನ್ನು ನೋಡಿಕೊಳ್ಳಬೇಕು. ಸಮಯವೇ ಕರ್ತೃವಾದರೆ ‘ಟೈಮ್ ರ್ಯಾನ್ ಔಟ್’ ಎಂದರೆ ಸಾಕು. ನಾವು ಕರ್ತೃಗಳಾದರೆ ‘ವಿ ರ್ಯಾನ್ ಔಟ್ ಆಫ್ ಟೈಮ್’ ಎಂದು ‘ಆಫ್’ ಸೇರಿಸಲೇಬೇಕು. ಆ ‘ಆಫ್’ ಬಿಟ್ಟರೆ ನಾವು ಹೊರಕ್ಕೆ ಓಡಿದೆವು ಎಂಬಲ್ಲಿಗೆ ವಾಕ್ಯ ಹೊರಳುತ್ತದೆ. ‘ರನ್ ಇಂಟು’ ಎಂಬುದಕ್ಕೆ ಮೂರು ಮುಖಗಳಿವೆ: ವಾಹನವು ಕಂಬಕ್ಕೆ ಡಿಕ್ಕಿ ಹೊಡೆಯುವುದು, ಹಳೆಯ ಗೆಳೆಯ ಅಚಾನಕ್ಕಾಗಿ ಎದುರಾಗುವುದು, ಖರ್ಚು ಲಕ್ಷಗಳ ಲೆಕ್ಕಕ್ಕೆ ಮುಟ್ಟುವುದು. ಸಾಗುತ್ತಿದ್ದುದು ಎಲ್ಲಿಗೋ ಹೋಗಿ ತಾಗಿತು ಎಂಬ ಭಾವ ಮೂರರಲ್ಲಿಯೂ ಇದೆ. ‘ರನ್ ಡೌನ್’ ಎಂಬುದು ಕೆಳಮುಖವಾದುದು. ಬ್ಯಾಟರಿಗೆ ಹೇಳಿದರೆ ಶಕ್ತಿ ಕುಂದುವುದು, ಕಟ್ಟಡಕ್ಕೆ ಹೇಳಿದರೆ ಪಾಳುಬೀಳುವುದು, ಮನುಷ್ಯನೊಬ್ಬ ಇನ್ನೊಬ್ಬನನ್ನು ‘ರನ್ ಡೌನ್’ ಮಾಡಿದರೆ ಹೀಗಳೆಯುವುದು ಅಥವಾ, ವಾಹನದಲ್ಲಿದ್ದರೆ, ಗುದ್ದಿ ಬೀಳಿಸುವುದು. ‘ರನ್ ಓವರ್’ ಎಂಬುದಂತೂ ನನ್ನ ವಾದಕ್ಕೆ ಸಿಕ್ಕ ಅತ್ಯುತ್ತಮ ಆಧಾರ. ಪಾತ್ರೆಯಿಂದ ನೀರು ಹೊರಚೆಲ್ಲಿದರೂ ಅದೇ ಪದ, ವಾಹನವು ಮೈಮೇಲೆ ಹೋದರೂ ಅದೇ ಪದ. ಕನ್ನಡ ಪತ್ರಿಕೆಗಳು ಎರಡನೆಯ ಅರ್ಥಕ್ಕೆ ‘ಲಾರಿ ಹರಿದು’ ಎಂದೇ ಬರೆಯುತ್ತವೆ, ಓಡಿ ಎಂದು ಬರೆಯುವುದಿಲ್ಲ. ಸಭೆಯೊಂದು ‘ರ್ಯಾನ್ ಓವರ್’ ಆದರೆ ನಿಗದಿತ ವೇಳೆಯನ್ನು ಮೀರಿತು ಎಂದರ್ಥ, ಅಲ್ಲಿಯೂ ಅಂಚು ಮೀರಿ ಚೆಲ್ಲಿದ್ದೇ ಚಿತ್ರ.

ಚುನಾವಣೆಯ ವಿಷಯದಲ್ಲಿ ಒಂದು ಮೋಜಿನ ಭೇದವಿದೆ. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿಯು ‘ರನ್ಸ್’, ಬ್ರಿಟನ್ನಿನ ವಾಡಿಕೆಯಲ್ಲಿ ಅದೇ ಅಭ್ಯರ್ಥಿಯು ‘ಸ್ಟ್ಯಾಂಡ್ಸ್’. ಒಂದೇ ಕೆಲಸಕ್ಕೆ ಒಬ್ಬರು ಓಡುತ್ತಾರೆ, ಇನ್ನೊಬ್ಬರು ನಿಲ್ಲುತ್ತಾರೆ. ಕನ್ನಡದಲ್ಲಿ ನಾವು ಚುನಾವಣೆಗೆ ನಿಲ್ಲುವವರೇ ಆದುದರಿಂದ, ಅಮೆರಿಕದ ಸುದ್ದಿಯನ್ನು ಓದುವಾಗ ಈ ಭೇದವನ್ನು ನೆನಪಿನಲ್ಲಿಡಬೇಕು.

ರೂಪಗಳ ವಿಚಾರದಲ್ಲಿ ಒಂದೇ ಎಚ್ಚರಿಕೆ ಸಾಕು. ಭೂತಕಾಲದಲ್ಲಿ ‘ರ್ಯಾನ್’ ಆಗುವ ಈ ಪದವು ‘ಹ್ಯಾವ್’, ‘ಹ್ಯಾಸ್’, ‘ಹ್ಯಾಡ್’ಗಳ ಜೊತೆಯಲ್ಲಿ ಮತ್ತೆ ‘ರನ್’ ಎಂಬ ಮೂಲರೂಪಕ್ಕೇ ಮರಳುತ್ತದೆ. ‘ಹ್ಯಾವ್ ರ್ಯಾನ್’ ಎಂಬುದು ಬರಹದ ಇಂಗ್ಲಿಷಿನಲ್ಲಿ ತಪ್ಪು. ‘ತ್ರೀ ಡೇಸ್ ರನ್ನಿಂಗ್’ ಎಂಬಲ್ಲಿ ಬರುವ ‘ರನ್ನಿಂಗ್’ ಕ್ರಿಯಾಪದದ ಕೆಲಸವನ್ನು ಮಾಡುತ್ತಿಲ್ಲ. ಸತತ ಮೂರು ದಿನ ಎಂಬುದು ಅದರ ಅರ್ಥ.

ನಾಮಪದವಾಗಿ ಬಂದಾಗಲೂ ‘ರನ್’ ಓಟಕ್ಕಿಂತ ಹರಿವಿನ ಕಡೆಗೇ ವಾಲುತ್ತದೆ. ಕ್ರಿಕೆಟ್ಟಿನಲ್ಲಿ 22 ಗಜ ದೂರದ ಎರಡು ತುದಿಗಳ ನಡುವೆ ಓಡಿದ್ದಕ್ಕೆ ಸಿಕ್ಕ ಹೆಸರು, ಚೆಂಡು ಗೆರೆ ದಾಟಿದಾಗ ಓಡದೆಯೇ ದೊರೆಯುವ 4 ಮತ್ತು 6 ಅಂಕಗಳಿಗೂ ಸಲ್ಲುತ್ತದೆ. ಬ್ಯಾಂಕಿನ ಮೇಲೆ ‘ರನ್’ ಎಂದರೆ ಠೇವಣಿದಾರರೆಲ್ಲ ಒಟ್ಟಿಗೆ ಹಣ ಹಿಂಪಡೆಯಲು ಮುಗಿಬೀಳುವುದು. ಪುಸ್ತಕದ ‘ಪ್ರಿಂಟ್ ರನ್’ ಎಂದರೆ ಒಂದೇ ಸಲಕ್ಕೆ ಅಚ್ಚುಹಾಕಿದ ಪ್ರತಿಗಳು. ನೈಲಾನಿನ ಕಾಲುಚೀಲದಲ್ಲಿ ಒಂದು ಎಳೆ ಬಿಟ್ಟುಕೊಂಡು ಉದ್ದಕ್ಕೆ ಸೀಳಿದಂತಾಗುತ್ತದಲ್ಲ, ಅದಕ್ಕೂ ‘ರನ್’ ಎಂದೇ ಹೆಸರು. ಎಳೆ ಜಾರುತ್ತಾ ಸಾಗಿತೆಂಬ ಕಾರಣಕ್ಕೆ ಆ ಹೆಸರು ಬಂದಿದೆ, ಬಟ್ಟೆ ಹಾಳಾಯಿತೆಂಬ ಕಾರಣಕ್ಕಲ್ಲ. ಕನ್ನಡದಲ್ಲಿಯೂ ಬಟ್ಟೆ ಹರಿಯುತ್ತದೆ, ಆದರೆ ಅದು ಸೀಳು ಎಂಬ ಅರ್ಥದ ಹರಿ. ನೀರಿನ ಹರಿಯನ್ನು ಅದಕ್ಕೆ ಗಂಟುಹಾಕಿ ನಾನು ಒಮ್ಮೆ ಅರ್ಧ ಪುಟ ಬರೆದು, ಆಮೇಲೆ ಹೊಡೆದುಹಾಕಿದ್ದೇನೆ.