ಕೊನೆಯ ಬೆಳಕಿನ ಮಾತು

ಮುಂಗಾರಿನ ಮೊದಲ ಮಳೆ ಬಿದ್ದು, ಹೊಲ ಉತ್ತು ವಾರ ಕಳೆಯುವಷ್ಟರಲ್ಲಿ ಯಾರೂ ಬಿತ್ತದ ಕಳೆ ಹಸಿರಾಗಿ ಎದ್ದಿರುತ್ತದೆ. ವರ್ಷಗಟ್ಟಲೆ ಮಣ್ಣಿನಡಿ ಸುಮ್ಮನಿದ್ದ ಆ ಬೀಜಗಳಿಗೆ ತೇವ ಹಿಂದಿನ ಮಳೆಗಳಲ್ಲೂ ಸಿಕ್ಕಿತ್ತು. ಈ ಸಲ ಹೊಸದಾಗಿ ಸಿಕ್ಕಿದ್ದು ಬೆಳಕು. ನೇಗಿಲು ಮಣ್ಣು ಮಗುಚುವ ಕ್ಷಣದಲ್ಲಿ ತಾಗಿದ ಬಿಸಿಲೇ ಎಷ್ಟೋ ಕಳೆಬೀಜಗಳಿಗೆ ಸಾಕು.

ಅಷ್ಟು ಅಲ್ಪ ಬೆಳಕನ್ನು ಬೀಜ ಹೇಗೆ ಗುರುತಿಸುತ್ತದೆ ಎಂಬುದರ ಸುಳಿವು ಸಿಕ್ಕಿದ್ದು ಲೆಟ್ಯೂಸ್ ಸೊಪ್ಪಿನ ಬೀಜದಿಂದ. 1952ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಕೃಷಿ ಸಂಶೋಧನಾ ಕೇಂದ್ರದ ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಕತ್ತಲಲ್ಲಿ ನೆನೆದ ಬೀಜಗಳಿಗೆ ಕೆಂಪು ಬೆಳಕು ತೋರಿಸಿದರು. ನೂರಕ್ಕೆ 70 ಮೊಳೆತವು. ಕೆಂಪಿನ ಬೆನ್ನಿಗೇ, ಕಣ್ಣಿಗೆ ಕಂಡೂ ಕಾಣದಂಥ ದೂರಗೆಂಪು ಬೆಳಕು ತೋರಿಸಿದಾಗ ಮೊಳೆತದ್ದು 6. ಅದರ ಮೇಲೆ ಮತ್ತೊಮ್ಮೆ ಕೆಂಪು ತೋರಿಸಿದರೆ 74! ಎಷ್ಟು ಬಾರಿ ಅದಲುಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನ ಮಾತೇ ನಡೆಯಿತು. ಸಸ್ಯವಿಜ್ಞಾನದಲ್ಲಿ ಇಷ್ಟು ಸರಳವಾದ, ಇಷ್ಟು ಚೆಂದದ ಪ್ರಯೋಗವನ್ನು ನಾನು ಬೇರೆ ಕಂಡಿಲ್ಲ.

ಇದರ ಹಿಂದಿರುವುದು ಫೈಟೊಕ್ರೋಮ್ ಎಂಬ ಪ್ರೋಟೀನ್. ಕೆಂಪು ಬೆಳಕನ್ನು ಹೀರಿದಾಗ ಅದು ಎಚ್ಚರಗೊಳ್ಳುತ್ತದೆ, ದೂರಗೆಂಪನ್ನು ಹೀರಿದಾಗ ಮತ್ತೆ ಮಲಗುತ್ತದೆ. ಮರದ ಎಲೆಗಳು ಕೆಂಪನ್ನು ತಾವೇ ಉಂಡು ದೂರಗೆಂಪನ್ನು ಕೆಳಗೆ ಬಿಡುತ್ತವೆ. ಹೀಗಾಗಿ ತಲೆಯ ಮೇಲೆ ಬೇರೆ ಗಿಡದ ನೆರಳಿದೆ ಎಂಬುದು ನೆಲದಲ್ಲಿ ಬಿದ್ದ ಬೀಜಕ್ಕೆ ತಿಳಿದುಬಿಡುತ್ತದೆ. ಇಷ್ಟು ಸಣ್ಣ ಬೀಜ ಕಟ್ಟಿಕೊಂಡು ಬಂದ ಬುತ್ತಿಯಾದರೂ ಎಷ್ಟು? ನೆರಳಿನಲ್ಲೋ ಮಣ್ಣಿನಾಳದಲ್ಲೋ ಮೊಳೆತರೆ ಬಿಸಿಲು ಕಾಣುವ ಮೊದಲೇ ಅದು ತೀರಿಹೋಗುತ್ತದೆ. ದೊಡ್ಡ ಬುತ್ತಿಯ ಅವರೆ, ಹಲಸಿನ ಬೀಜಗಳಿಗೆ ಈ ಚಿಂತೆಯಿಲ್ಲ.

ಫೈಟೊಕ್ರೋಮ್ ಎಚ್ಚರಗೊಂಡಾಗ ಜಿಬ್ಬರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ. ಮೊಳಕೆಯನ್ನು ತಡೆದಿದ್ದ ಅಬ್ಸಿಸಿಕ್ ಆಮ್ಲ ತಗ್ಗುತ್ತದೆ. ಕತ್ತಲಲ್ಲಿಟ್ಟು ಜಿಬ್ಬರೆಲಿನ್ ದ್ರಾವಣದಲ್ಲಿ ನೆನೆಸಿದರೂ ಲೆಟ್ಯೂಸ್ ಮೊಳೆಯುತ್ತದೆ. ಬೆಳಕು ತರಬೇಕಿದ್ದ ಸುದ್ದಿಯನ್ನು ಆ ರಾಸಾಯನಿಕವೇ ಮುಟ್ಟಿಸುತ್ತದೆ.

ತಡೆಯ ಕೆಲಸವನ್ನು ಅಡುಗೆಮನೆಯಲ್ಲೇ ನೋಡಬಹುದು. ಹಣ್ಣಾದ ಟೊಮೆಟೊ ಹೆಚ್ಚಿದರೆ ಬೀಜಗಳು ಲೋಳೆಯಲ್ಲಿ ಮುಳುಗಿರುತ್ತವೆ. ಅಷ್ಟು ತೇವವಿದ್ದರೂ ಮೊಳೆತಿರುವುದಿಲ್ಲ. ಅಬ್ಸಿಸಿಕ್ ಆಮ್ಲವೂ ಹಣ್ಣಿನ ರಸದ ಸಾಂದ್ರತೆಯೂ ಸೇರಿ ಅವನ್ನು ಹಿಡಿದಿಟ್ಟಿರುತ್ತವೆ. ಬೀಜಕ್ಕೆಂದು ಹಣ್ಣು ತೆಗೆದಿಡುವವರು ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟು, ಲೋಳೆ ಕಳಚಿದ ಮೇಲೆ ತೊಳೆದು ಒಣಗಿಸುತ್ತಾರೆ. ಬಹಳ ದಿನ ಮರೆತುಬಿಟ್ಟ ಟೊಮೆಟೊವನ್ನು ಕೊಯ್ದಾಗ ಒಳಗೆ ಬೆಳ್ಳಗೆ ಸುರುಳಿ ಸುತ್ತಿಕೊಂಡ ಮೊಳಕೆಗಳು ಕಾಣುವುದುಂಟು. ಅಷ್ಟರಲ್ಲಿ ತಡೆ ಸಡಿಲವಾಗಿ, ಬೀಜಗಳು ಹಣ್ಣಿನೊಳಗಿಂದಲೇ ಹೊರಟುಬಿಟ್ಟಿರುತ್ತವೆ.